ಕೊರಗರ ಸಂಘಟನೆಗೆ ಹೊರಗಿನ ಬೆಂಬಲಿಗರು ಎಷ್ಟರ ಮಟ್ಟಿಗೆ ಬೇಕು?

ಬೇಕು, ಆದರೆ ಕಡತ ಹಿಡಿಯುವುದಕ್ಕೆ, ಮೈಕ್ ಹಿಡಿಯುವುದಕ್ಕಲ್ಲ.

ಉಡುಪಿ, ಮಂಗಳೂರು ಕಡೆಯ ಬುಡಕಟ್ಟು ಸಮುದಾಯವಾದ ಕೊರಗರ ಹೋರಾಟವನ್ನೇ ನೋಡಿ. ಕೊರಗರನ್ನು ಕೀಳಾಗಿ ಕಂಡು ಕೂಲಿ ಕೊಡದೆ ದುಡಿಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 2000ದಲ್ಲಿ ಬಂತು. ಕಾಯ್ದೆಯನ್ನು ಓದಿ ಹೇಳುವುದಕ್ಕೆ, ದೂರು ಬರೆದುಕೊಡುವುದಕ್ಕೆ ಹೊರಗಿನ ವಕೀಲರು ಸಾಕು. ಆದರೆ ಊರಿನ ದೊಡ್ಡ ಮನೆಯಿಂದ ಡೋಲು ಬಾರಿಸಲು ಕರೆ ಬಂದಾಗ ‘ಬರುವುದಿಲ್ಲ’ ಎನ್ನಬೇಕಾದವರು ಕೊರಗರು. ಮರುದಿನ ಅದೇ ಮನೆಯ ಅಡಿಕೆ ತೋಟಕ್ಕೆ ಕೂಲಿಗೆ ಹೋಗಬೇಕಾದವರೂ ಅವರೇ. ಹೊರಗಿನವರು ಸಂಜೆಯ ಬಸ್ ಹಿಡಿದು ಮನೆಗೆ ಹೋಗುತ್ತಾರೆ. ಹಾಗಾಗಿ ಯಾವಾಗ ಗಟ್ಟಿಯಾಗಿ ನಿಲ್ಲಬೇಕು, ಯಾವಾಗ ಸ್ವಲ್ಪ ಕಾಯಬೇಕು ಎಂಬ ತೀರ್ಮಾನ ಪೆಟ್ಟು ತಿನ್ನುವವರದ್ದೇ ಆಗಿರಬೇಕು.

ಭೂಮಿಯ ವಿಷಯದಲ್ಲಿ ಹೊರಗಿನವರ ನೆರವಿಗೆ ನಿಜವಾದ ಬೆಲೆಯಿದೆ. ಕೊರಗರ ಸ್ಥಿತಿಗತಿಯನ್ನು ಅಧ್ಯಯನ ಮಾಡಿದ ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಶಿಫಾರಸು ಮಾಡಿತ್ತು. ಅದನ್ನು ಪಡೆಯಬೇಕಾದರೆ ಪಹಣಿ, ಸರ್ವೆ ನಕ್ಷೆ, ತಾಲ್ಲೂಕು ಕಚೇರಿಯ ಅಲೆದಾಟ ತಪ್ಪಿದ್ದಲ್ಲ. ದಾರಿ ಬಲ್ಲವರು ಜೊತೆಗಿದ್ದರೆ ಅರ್ಧ ಕೆಲಸ ಹಗುರ; ಸಮುದಾಯದ ಒಬ್ಬ ಯುವತಿಗೆ ಆ ದಾರಿ ಕಲಿಸಿಕೊಟ್ಟರೆ ಇನ್ನೂ ಒಳ್ಳೆಯದು.

ಕೆಡುವುದು ಹಣ ಬಂದಾಗ. ದಾನಿಗಳ ಯೋಜನೆ ಮಾರ್ಚ್ ಒಳಗೆ ಮುಗಿಯಬೇಕು, ಜಮೀನಿನ ಕಡತಕ್ಕೆ ಅಂಥ ಅವಸರವಿಲ್ಲ. ಆಗ ಭೂಮಿ ಕೇಳಿದವರಿಗೆ ಬುಟ್ಟಿ ಹೆಣೆಯುವ ತರಬೇತಿ ಸಿಗುತ್ತದೆ. ತಲೆತಲಾಂತರದಿಂದ ಬುಟ್ಟಿ ಹೆಣೆದವರಿಗೆ! ಅವರಿಗೆ ಬೇಕಾಗಿರುವುದು ಕಾಡಿನ ಬಳ್ಳಿ, ಬಿದಿರು ತರುವ ಹಕ್ಕು.

ನೀವು ಬೆಂಬಲಿಸಲು ಹೊರಟಿದ್ದರೆ, ಸಂಘದ ಬ್ಯಾಂಕ್ ಖಾತೆಗೆ ಯಾರ ಸಹಿ ಇದೆ, ನಡಾವಳಿ ಪುಸ್ತಕ ಯಾರ ಮನೆಯಲ್ಲಿದೆ ಎಂದು ಮೊದಲು ವಿಚಾರಿಸಿ.