'ಬಸವರಾಜನ ತಂಗಿ' ಎನ್ನಲು ಇಂಗ್ಲಿಷಿನಲ್ಲಿ 'ಹಿಸ್ ಸಿಸ್ಟರ್' ಸರಿಯೋ, 'ಹರ್ ಸಿಸ್ಟರ್' ಸರಿಯೋ?

'ಹಿಸ್ ಸಿಸ್ಟರ್' ಸರಿ. ಇಂಗ್ಲಿಷಿನ 'ಹಿಸ್', 'ಹರ್' ಯಾರಿಗೆ ಸೇರಿದ್ದು ಎಂಬುದನ್ನಷ್ಟೇ ನೋಡುತ್ತವೆ; ಸೇರಿದ ವ್ಯಕ್ತಿ ಅಥವಾ ವಸ್ತು ಹೆಣ್ಣೋ ಗಂಡೋ ಎಂಬ ವಿಚಾರಣೆಗೆ ಹೋಗುವುದಿಲ್ಲ. ಬಸವರಾಜ ಗಂಡಸು, ಆದ್ದರಿಂದ ಅವನ ತಂಗಿಗೂ 'ಹಿಸ್', ಅವನ ಎಮ್ಮೆಗೂ 'ಹಿಸ್'.

ಕನ್ನಡವೂ ಹೀಗೆಯೇ: ಅವನ ಅಣ್ಣ, ಅವನ ತಂಗಿ. ಹಾಗಾದರೆ ಗೊಂದಲವೇಕೆ? ಬೆಳಗಾವಿಯ ಗಲ್ಲಿಗಳಲ್ಲಿ ಕನ್ನಡದ ಜೊತೆಗೆ ಮರಾಠಿಯೂ ದಿನವಿಡೀ ಕಿವಿಗೆ ಬೀಳುತ್ತದೆ. ಅಲ್ಲಿ 'ತ್ಯಾಚಾ ಭಾಊ' ಎಂದರೆ ಅವನ ಅಣ್ಣ ಅಥವಾ ತಮ್ಮ. ಅಕ್ಕ ತಂಗಿಯಾದರೆ 'ತ್ಯಾಚೀ ಬಹೀಣ್'. ಒಡೆಯ ಅವನೇ, ಆದರೂ ಮುಂದಿನ ನಾಮಪದ ಸ್ತ್ರೀಲಿಂಗವಾದ ಕಾರಣ 'ಚಾ' ಹೋಗಿ 'ಚೀ' ಬಂದಿತು. ಹಿಂದಿಯ 'ಉಸ್‌ಕಾ', 'ಉಸ್‌ಕೀ' ಕೂಡ ಇದೇ ಜಾತಿ. ಈ ರೂಢಿ ಇರುವವರಿಗೆ ತಂಗಿ ಎಂದೊಡನೆ 'ಹರ್' ನಾಲಿಗೆಗೆ ಬರುವುದು ಸಹಜವೇ. ಬಾಯಿಬಿಡುವ ಮುನ್ನ 'ಯಾರ?' ಎಂದು ಕೇಳಿಕೊಳ್ಳಿ, 'ಯಾರು?' ಎಂದಲ್ಲ.

ಇದರ ಬೆನ್ನಿಗೇ ಬರುವ ಇನ್ನೊಂದು ತೊಡಕು 'ಮೈ' ಮತ್ತು 'ಮೈನ್'. ಮೊದಲನೆಯದು 'ನನ್ನ', ಎರಡನೆಯದು 'ನನ್ನದು'. 'ಮೈ' ಆದ ಮೇಲೆ ನಾಮಪದ ಬೇಕೇ ಬೇಕು. 'ಮೈನ್' ಒಂಟಿಯಾಗಿಯೇ ನಿಲ್ಲುತ್ತದೆ. ವಿಜಯಪುರದ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಹಿಡಿದ ಸೀಟಿಗೆ 'ದಿಸ್ ಈಸ್ ಮೈ ಸೀಟ್' ಎನ್ನಬಹುದು, 'ದಿಸ್ ಸೀಟ್ ಈಸ್ ಮೈನ್' ಎಂದೂ ಜಗಳವಾಡಬಹುದು. ಹೀಗೆಯೇ 'ಹರ್' ಒಂಟಿಯಾದಾಗ 'ಹರ್ಸ್' ಆಗುತ್ತದೆ. 'ಹಿಸ್' ಮಾತ್ರ ಎರಡೂ ಕಡೆ 'ಹಿಸ್', ಪುಣ್ಯಕ್ಕೆ.