ಕಂಬಿ ಇಳಿಯಲಿ ಅಂತ ಕಾಯಬೇಕೆ?

ಪ್ರಶ್ನೆ: 30×40 ಸೈಟಿನಲ್ಲಿ ಪಾಯ ಮುಗಿದು ಪಿಲ್ಲರ್ ಕಂಬಿ ಎದ್ದು ನಿಂತಿದೆ. ಆರ್ಥಿಕ ಹಿಂಜರಿತ ಬಂದರೆ ಎಲ್ಲ ಅಗ್ಗವಾಗುತ್ತೆ, ಆರು ತಿಂಗಳು ನಿಲ್ಲಿಸೋಣ ಅಂತಾರೆ ಮನೆಯವರು. ಮೇಸ್ತ್ರಿ ನೋಡಿದರೆ ಈಗಲೇ ಸಿಮೆಂಟ್ ಮೂಟೆ ತರಿಸಿ ಕೂಡಿಡಿ ಅಂತಾರೆ. ಯಾರ ಮಾತು ಕೇಳಲಿ?
– ಓದುಗರು, ಮಂಡ್ಯ

ಉತ್ತರ: ಇಬ್ಬರದ್ದೂ ಬೇಡ. ಬಿಕ್ಕಟ್ಟಿನಲ್ಲಿ ಎಲ್ಲ ಸಾಮಾನೂ ಒಟ್ಟಿಗೆ ಇಳಿಯುವುದಿಲ್ಲ. ಕಂಬಿ ದರ ಹೊರಗಿನ ಮಾರುಕಟ್ಟೆ ಹೇಳಿದಂತೆ ಕುಣಿಯುತ್ತದೆ: 2008ರ ಮೊದಲರ್ಧದಲ್ಲಿ ಏರಿ, ವರ್ಷದ ಕೊನೆಗೆ ಕುಸಿಯಿತು. 2022ರಲ್ಲಿ ಉಕ್ರೇನ್ ಯುದ್ಧದ ನಂತರ ಮತ್ತೆ ಏರಿದಾಗ ಕೇಂದ್ರ ಸರ್ಕಾರ ಉಕ್ಕಿನ ರಫ್ತಿಗೆ ಸುಂಕ ಹಾಕಬೇಕಾಯಿತು. ಜಲ್ಲಿ, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸುವ ಮರಳು) ಹಾಗಲ್ಲ. ಅವುಗಳ ದರದಲ್ಲಿ ಡೀಸೆಲ್ಲು, ಲಾರಿ ಬಾಡಿಗೆಯದೇ ದೊಡ್ಡ ಪಾಲು. ಕೂಲಿಯಂತೂ ಏರಿದ್ದು ಇಳಿಯುವುದು ಅಪರೂಪ. 2020ರ ಲಾಕ್‌ಡೌನ್‌ನಲ್ಲಿ ಕೆಲಸವೇ ನಿಂತಿತ್ತು. ಮತ್ತೆ ಶುರುವಾದಾಗ ಹೊರರಾಜ್ಯದ ಸೆಂಟ್ರಿಂಗ್ ಹುಡುಗರು ತಮ್ಮೂರು ಸೇರಿದ್ದರು, ಆಳು ಸಿಗುವುದೇ ಕಷ್ಟವಾಗಿತ್ತು.

ಲೆಕ್ಕ ಹಾಕಿ ನೋಡಿ. 10 ಚದರದ (1,000 ಚದರ ಅಡಿ) ಒಂದಂತಸ್ತಿನ ಮನೆಗೆ ಸುಮಾರು 4 ಟನ್ ಕಂಬಿ. ನಿಮಗಿನ್ನು 3 ಟನ್ ಬೇಕು ಅಂದುಕೊಳ್ಳೋಣ. ಕೆ.ಜಿ.ಗೆ 5 ರೂಪಾಯಿ ಇಳಿದರೂ ಉಳಿಯುವುದು 15,000. ತಿಂಗಳಿಗೆ 8,000 ಬಾಡಿಗೆ ಕಟ್ಟುತ್ತಿದ್ದರೆ ಆರು ತಿಂಗಳಿಗೆ 48,000 ಹೋಯಿತು. ಸಾಲದ ಬಡ್ಡಿ ಬೇರೆ.

ಸಿಮೆಂಟ್ ಕೂಡಿಡುವುದಂತೂ ದಂಡ. ಮೂರು ತಿಂಗಳಲ್ಲಿ ಅದರ ಶಕ್ತಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಕುಂದುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಎರಡು ವಾರಕ್ಕಾಗುವಷ್ಟೇ ತರಿಸಿ. ಮೂಟೆಯೊಳಗೆ ಕೈ ಹಾಕಿದರೆ ತಣ್ಣಗಿರಬೇಕು. ಬೆರಳಲ್ಲಿ ಒತ್ತಿದರೂ ಪುಡಿಯಾಗದ ಗಂಟು ಸಿಕ್ಕರೆ ವಾಪಸ್ ಕಳಿಸಿ. ಬಿಲ್ಲನ್ನೂ ನೋಡಿ: 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ.

ದುಡ್ಡೇ ಸಾಲದಿದ್ದರೆ ತಾರಸಿ ಹಾಕಿದ ಮೇಲೆ ನಿಲ್ಲಿಸಿ, ಈಗಲೇ ನಿಲ್ಲಿಸಬೇಡಿ. ಅದೂ ಆಗದಿದ್ದರೆ ಪಿಲ್ಲರ್ ಕಂಬಿಗೆ ಗಟ್ಟಿ ಸಿಮೆಂಟ್ ಹಾಲು ಬಳಿದು, ಮಳೆಗಾಲ ಕಳೆದ ಮೇಲೆ ಇನ್ನೊಂದು ಸಲ ಬಳಿಯಿರಿ. ಮತ್ತೆ ಶುರು ಮಾಡುವಾಗ ಅದನ್ನೂ ತುಕ್ಕನ್ನೂ ವೈರ್ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ತುಕ್ಕು ಪದರ ಪದರವಾಗಿ ಎದ್ದು, ಕಂಬಿಯ ಏಣುಗಳು ಸವೆದಿದ್ದರೆ ಎಂಜಿನಿಯರ್‌ಗೆ ತೋರಿಸದೆ ಕಾಂಕ್ರೀಟ್ ಹಾಕಿಸಬೇಡಿ.

ಪ್ರಶ್ನೆ: ಸಾಮಾನು ಸಮೇತ ಚದರಕ್ಕೆ ಇಂತಿಷ್ಟು ಅಂತ ಒಪ್ಪಿದ್ದ ಗುತ್ತಿಗೆದಾರರು ಈಗ ರೇಟು ಏರಿಸಿ ಅಂತಿದ್ದಾರೆ. ಒಪ್ಪಬಹುದೆ?
– ಓದುಗರು, ಮೈಸೂರು

ಉತ್ತರ: ಚದರದ ರೇಟನ್ನು ಮುಟ್ಟಬೇಡಿ, ಏರಿದ ಸಾಮಾನಿಗಷ್ಟೇ ಕೊಡಿ. ಒಪ್ಪಂದದ ದಿನ ಕಂಬಿ, ಸಿಮೆಂಟ್, ಇಟ್ಟಿಗೆಯ ದರ ಎಷ್ಟಿತ್ತೆಂದು ಬರೆದು ಇಬ್ಬರೂ ಸಹಿ ಹಾಕಿ. ಅದರ ಮೇಲೆ ಶೇ. 5ರವರೆಗಿನ ಏರಿಕೆ ಅವರ ತಲೆಗೆ, ದಾಟಿದ್ದು ಬಿಲ್ಲು ತೋರಿಸಿದರೆ ನಿಮ್ಮದು. ಇಳಿದರೂ ಇದೇ ಲೆಕ್ಕ. ಇಷ್ಟನ್ನೂ ಒಪ್ಪದವರ ಹತ್ತಿರ ಮಾತು ಮುಂದುವರಿಸುವುದೇ ವ್ಯರ್ಥ.

ದರ ಏರಿದಾಗ ಸಣಕಲು ಕಂಬಿ ಬರುವುದುಂಟು, ಅದನ್ನು ಎಣಿಸಿ ಇಳಿಸಿಕೊಂಡರೆ ಮೋಸ ಗೊತ್ತಾಗುವುದಿಲ್ಲ. 12 ಮಿ.ಮೀ. ಕಂಬಿ, 12 ಮೀಟರ್ ಉದ್ದದ್ದು, 10.67 ಕೆ.ಜಿ. ತೂಗಬೇಕು. ಲಾರಿ ಬಂದಾಗ ನಾಲ್ಕೈದನ್ನು ಎಳೆದು ತೂಗಿಸಿ. 10 ಕೆ.ಜಿ.ಗಿಂತ ಕೆಳಗೆ ಬಂದರೆ ಲೋಡು ಇಳಿಸಲು ಬಿಡಬೇಡಿ.