ಮೊದಲ ಮನೆಗೆ ಸಿಗುವ ಸವಲತ್ತಿನ ಗಡುವು ಮುಗಿಯುತ್ತಿದೆ, ಬೇಗ ಕೊಂಡುಬಿಡಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತೀರಿ. ಇದು ಮೊದಲ ಮನೆ. ಮುಂಗಡಕ್ಕೆ ಬೇಕಾದ ಹಣ ಹೆಚ್ಚುಕಡಿಮೆ ಕೂಡಿದೆ. ಮೊದಲ ಸಲ ಕೊಳ್ಳುವವರಿಗೆ ಅಂತ ಇರುವ ಸರ್ಕಾರಿ ಸವಲತ್ತು ಇನ್ನು ಕೆಲವೇ ತಿಂಗಳಲ್ಲಿ ಮುಗಿಯುತ್ತದೆ, ಈಗ ಬಿಟ್ಟರೆ ಹೋಯಿತು ಅಂತ ಸುತ್ತಲಿನವರು ಅವಸರ ಮಾಡುತ್ತಿದ್ದಾರೆ. ಕೊಳ್ಳಬೇಕಾ, ಕಾಯಬೇಕಾ?

ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. ಸವಲತ್ತಿನ ಹಣ ಬರುವುದೇ ಇಲ್ಲ ಅಂತ ಇಟ್ಟುಕೊಳ್ಳಿ. ಆಗಲೂ ಆ ಮನೆಯ ಕಂತು ಕಟ್ಟಿ, ಮನೆ ಖರ್ಚು ನಡೆಸಿ, ಸ್ವಲ್ಪ ಉಳಿಸಲು ಆಗುತ್ತದಾ? ಆಗುತ್ತದೆ ಅಂದರೆ ಧೈರ್ಯವಾಗಿ ಕೊಳ್ಳಿ, ಸವಲತ್ತನ್ನೂ ಬಿಡಬೇಡಿ. ಆಗುವುದಿಲ್ಲ ಅಂದರೆ ಇನ್ನೂ ಚಿಕ್ಕ ಮನೆ ನೋಡಿ, ಇಲ್ಲವೇ ಕಾಯಿರಿ. ನಾನು ಗೃಹಸಾಲದ ಅರ್ಜಿ ಪರಿಶೀಲಿಸುವ ಕೆಲಸದಲ್ಲಿ ಇದ್ದವನು. ಕಂತು ಕಟ್ಟಲಾಗದೆ ಒದ್ದಾಡಿದವರಲ್ಲಿ ಬಹಳ ಜನ ಕೆಟ್ಟ ಮನೆ ಕೊಂಡವರಲ್ಲ. ಸವಲತ್ತು ಸಿಗುತ್ತದಲ್ಲಾ ಅಂತ ತಮ್ಮ ಅಳತೆಗಿಂತ ಒಂದು ಮೆಟ್ಟಿಲು ಮೇಲಿನ ಮನೆ ಕೊಂಡವರು.

ಕೊಳ್ಳುವವರಿಗೆ ಸರ್ಕಾರ ಹಣ ಕೊಟ್ಟರೆ ಅದು ಕೊಳ್ಳುವವರ ಕೈಯಲ್ಲೇ ಉಳಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಸವಲತ್ತು ನಿಮಗೊಬ್ಬರಿಗೆ ಸಿಕ್ಕಿದ್ದಲ್ಲ ಅಲ್ವಾ? ಅದೇ ಮನೆಗೆ ಬೆಲೆ ಹೇಳುತ್ತಿರುವ ಉಳಿದವರಿಗೂ ಸಿಕ್ಕಿದೆ. ಮಾರುವವನಿಗೂ ಅದು ಗೊತ್ತು. ಮನೆಗಳ ಸಂಖ್ಯೆ ಅಷ್ಟೇ ಇದ್ದು, ಎಲ್ಲರ ಕೈಯಲ್ಲಿ ಹಣ ಜಾಸ್ತಿ ಆದರೆ ಬೆಲೆ ಏರುತ್ತದೆ. ಇಂಗ್ಲೆಂಡಿನಲ್ಲಿ 2013ರಿಂದ 2023ರವರೆಗೆ ‘ಹೆಲ್ಪ್ ಟು ಬೈ’ ಅನ್ನುವ ಯೋಜನೆ ಇತ್ತು. ಹೊಸದಾಗಿ ಕಟ್ಟಿದ ಮನೆಯ ಬೆಲೆಯಲ್ಲಿ ಶೇ 20ರವರೆಗೆ ಸರ್ಕಾರವೇ ಸಾಲ ಕೊಡುತ್ತಿತ್ತು, ಲಂಡನ್ನಿನಲ್ಲಿ 2016ರಿಂದ ಶೇ 40ರವರೆಗೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು, ಯೋಜನೆಯ ನಿಯಮ ಬದಲಾಗುವ ಗಡಿಗಳ ಆಚೆ ಈಚೆ ಏನಾಯಿತು ಅಂತ ಹೋಲಿಸಿ ನೋಡಿದರು. ಕಟ್ಟಲು ಜಾಗವೇ ಇಲ್ಲದ ಲಂಡನ್ನಿನಲ್ಲಿ ಹೊಸ ಮನೆಗಳ ಬೆಲೆ ಏರಿತ್ತು, ಕಟ್ಟುವ ಮನೆಗಳು ಹೆಚ್ಚಲಿಲ್ಲ. ಜಾಗ ಧಾರಾಳವಾಗಿದ್ದ ವೇಲ್ಸ್ ಗಡಿಯ ಕಡೆ ಮಾತ್ರ ಬೆಲೆ ಹೆಚ್ಚು ಬದಲಾಗದೆ ಮನೆಗಳು ಜಾಸ್ತಿಯಾದವು. ಬ್ರಿಟನ್ನಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2019ರಲ್ಲಿ ಇನ್ನೊಂದು ಮಾತು ಹೇಳಿತು: ಈ ಸಹಾಯ ಪಡೆದವರಲ್ಲಿ ಐದರಲ್ಲಿ ಮೂರು ಪಾಲು ಜನ ಸಹಾಯ ಇಲ್ಲದೆಯೂ ಯಾವುದಾದರೊಂದು ಮನೆ ಕೊಳ್ಳಬಹುದಿತ್ತು.

ಹಾಗಾಗಿ ನೀವು ನೋಡುತ್ತಿರುವ ಜಾಗ ಯಾವ ಥರದ್ದು ಅಂತ ಮೊದಲು ಗಮನಿಸಿ. ಮನೆಗಳು ಕಡಿಮೆ, ಕೊಳ್ಳುವವರು ಜಾಸ್ತಿ ಇರುವ ಕಡೆ ಸವಲತ್ತಿನ ಒಂದು ಭಾಗ ಆಗಲೇ ಬೆಲೆಯೊಳಗೆ ಸೇರಿರುತ್ತದೆ. ಅಲ್ಲಿ ಗಡುವಿಗೆ ಮೊದಲು ಓಡಿಹೋಗಿ ಕೊಂಡರೆ ಓಡಿಬಂದ ಎಲ್ಲರ ಜೊತೆ ಪೈಪೋಟಿಗೆ ನಿಂತಂತೆ. ಗಡುವು ಮುಗಿದ ಮೇಲೆ ಬೆಲೆ ಇಳಿದೇ ಇಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಚೌಕಾಸಿಗೆ ಆಗ ಜಾಗ ಇರುತ್ತದೆ, ಈಗ ಇರುವುದಿಲ್ಲ.

ಇನ್ನು ಸವಲತ್ತಿನ ವಿಚಾರಕ್ಕೆ ಬರೋಣ. ಎಷ್ಟು ಕೊಡುತ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಯಾವಾಗ ಕೊಡುತ್ತಾರೆ ಅಂತ ಕೇಳುವವರು ಕಡಿಮೆ. ಮನೆ ಕೊಳ್ಳುವವರಿಗೆ ನಿಜವಾಗಿ ಕಷ್ಟ ಆಗುವುದು ನೋಂದಣಿಯ ದಿನ. ಆ ದಿನ ಕೈಯಲ್ಲಿರುವ ಹಣಕ್ಕೂ ಮುಂದೆಂದೋ ಬರುವ ಹಣಕ್ಕೂ ಅಜಗಜಾಂತರ. ಭಾರತದ ಪ್ರಧಾನಮಂತ್ರಿ ಆವಾಸ್ ಯೋಜನೆಯನ್ನೇ ನೋಡಿ. ಮೊದಲ ಆವೃತ್ತಿಯಲ್ಲಿ ಬಡ್ಡಿ ಸಬ್ಸಿಡಿ ಒಟ್ಟಿಗೇ ಸಾಲದ ಖಾತೆಗೆ ಜಮೆಯಾಗುತ್ತಿತ್ತು, ಹೆಚ್ಚೆಂದರೆ ಸುಮಾರು 2.67 ಲಕ್ಷ ರೂಪಾಯಿ. ಅಸಲು ಇಳಿದು ಕಂತೂ ಇಳಿಯುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಶುರುವಾದ ನಗರ 2.0 ಆವೃತ್ತಿಯಲ್ಲಿ ಹೆಚ್ಚೆಂದರೆ 1.80 ಲಕ್ಷ, ಅದೂ ಐದು ವಾರ್ಷಿಕ ಕಂತುಗಳಲ್ಲಿ. ಪ್ರತಿ ಸಲ ಹಣ ಬಿಡುಗಡೆ ಆಗುವಾಗ ಸಾಲ ಚಾಲ್ತಿಯಲ್ಲಿರಬೇಕು, ಅಸಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಾಕಿ ಇರಬೇಕು. ಅಂದರೆ ಬೋನಸ್ಸೋ ಇನ್ನೇನೋ ಬಂತು ಅಂತ ಸಾಲವನ್ನು ಬೇಗ ತೀರಿಸಿದರೆ ಉಳಿದ ಸಬ್ಸಿಡಿ ಕೈತಪ್ಪಬಹುದು. ಇದರಲ್ಲಿ ತಪ್ಪೇನಿಲ್ಲ, ಆದರೆ ಇಂಥ ಹಣವನ್ನು ನಂಬಿ ಮುಂಗಡಕ್ಕೆ ಕೈಸಾಲ ಮಾಡಬಾರದು.

ಎರಡನೆಯದು, ಕೊಟ್ಟದ್ದನ್ನು ವಾಪಸ್ ಕೇಳುವ ಷರತ್ತು. ಅಮೆರಿಕದಲ್ಲಿ 2008ರಲ್ಲಿ ಮೊದಲ ಮನೆಗೆ 7,500 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ಅಂತ ಕೊಟ್ಟರು. ಹೆಸರು ರಿಯಾಯಿತಿ, ಆದರೆ ಅದನ್ನು 15 ವರ್ಷಗಳಲ್ಲಿ ತಿರುಗಿ ಕಟ್ಟಬೇಕಿತ್ತು. ಮರುವರ್ಷ ಕೊಂಡವರಿಗೆ 8,000 ಡಾಲರ್‌ವರೆಗೆ ಸಿಕ್ಕಿತು, ಮೂರು ವರ್ಷ ಆ ಮನೆಯಲ್ಲೇ ಇದ್ದರೆ ವಾಪಸ್ ಕಟ್ಟುವ ಗೋಜೇ ಇಲ್ಲ. ಮೊದಲೇ ಅವಸರ ಮಾಡಿದವರ ಹೊಟ್ಟೆ ಉರಿದಿರಲೇಬೇಕು! ಇಂಗ್ಲೆಂಡಿನ ಯೋಜನೆಯಲ್ಲಿ ಇನ್ನೊಂದು ಥರ: ಸರ್ಕಾರದ ಶೇ 20ರ ಸಾಲ ಮನೆಯ ಬೆಲೆಯ ಜೊತೆಗೇ ಬೆಳೆಯುತ್ತದೆ. 2 ಲಕ್ಷ ಪೌಂಡಿನ ಮನೆಗೆ 40,000 ಪೌಂಡ್ ಪಡೆದಿದ್ದೀರಿ ಅಂತಿಟ್ಟುಕೊಳ್ಳಿ. ಮನೆ 3 ಲಕ್ಷಕ್ಕೆ ಏರಿದರೆ ನೀವು ತೀರಿಸಬೇಕಾದದ್ದು 60,000. ಮೊದಲ ಐದು ವರ್ಷ ಬಡ್ಡಿಯಿಲ್ಲ ಅನ್ನುವುದಷ್ಟೇ ಕಿವಿಗೆ ಬಿದ್ದವರಿಗೆ ಇದು ಆಮೇಲೆ ಗೊತ್ತಾಗುತ್ತದೆ.

ಬ್ರಿಟನ್ನಿನ ಲೈಫ್‌ಟೈಮ್ ಐಸಾ ಉಳಿತಾಯ ಖಾತೆ ನನಗೆ ಒಳ್ಳೆಯ ಯೋಜನೆ ಅನ್ನಿಸುತ್ತದೆ, ಆದರೆ ಅದಕ್ಕೂ ಮುಳ್ಳಿದೆ. ವರ್ಷಕ್ಕೆ 4,000 ಪೌಂಡ್‌ವರೆಗೆ ಹಾಕಬಹುದು, ಸರ್ಕಾರ ಶೇ 25 ಸೇರಿಸುತ್ತದೆ. ಮೊದಲ ಮನೆಗೋ 60 ವರ್ಷ ದಾಟಿದ ಮೇಲೋ ಅಲ್ಲದೆ, ಸುಮ್ನೆ ಮಧ್ಯದಲ್ಲಿ ತೆಗೆದರೆ ಶೇ 25 ಕಡಿತ. 1,000 ಹಾಕಿದ್ದು 1,250 ಆಗಿರುತ್ತದೆ, ಕಡಿತ ಕಳೆದು ಕೈಗೆ ಬರುವುದು 937.50. ಅಂದರೆ ಸರ್ಕಾರದ್ದು ಹೋಗುವುದರ ಜೊತೆಗೆ ನಿಮ್ಮದೂ ಸ್ವಲ್ಪ ಹೋಯಿತು. ಕೊಳ್ಳುವ ಮನೆ 4,50,000 ಪೌಂಡ್ ದಾಟಿದರೂ ಇದೇ ಕಥೆ. ಇಂಥ ಖಾತೆಗೆ ಹಾಕುವ ಹಣ ಬೇರೆ, ಆಪತ್ತಿಗೆ ಇಟ್ಟುಕೊಳ್ಳುವ ಹಣ ಬೇರೆ ಇರಬೇಕು. ಕೆನಡಾದಲ್ಲಿ 2023ರಲ್ಲಿ ಬಂದ ಮೊದಲ ಮನೆಯ ಉಳಿತಾಯ ಖಾತೆ ಈ ವಿಷಯದಲ್ಲಿ ಮೇಲು. ವರ್ಷಕ್ಕೆ 8,000, ಒಟ್ಟು 40,000 ಡಾಲರ್‌ವರೆಗೆ ಹಾಕಬಹುದು. ಹಾಕುವಾಗಲೂ ತೆರಿಗೆ ವಿನಾಯಿತಿ, ಮನೆಗೆ ತೆಗೆಯುವಾಗಲೂ ತೆರಿಗೆಯಿಲ್ಲ.

ಬೆಲೆಯ ಮಿತಿಯ ಬಗ್ಗೆ ಎಚ್ಚರ. ಇಂಗ್ಲೆಂಡಿನಲ್ಲಿ 2025ರ ಏಪ್ರಿಲ್‌ನಿಂದ ಮೊದಲ ಮನೆಗೆ 3 ಲಕ್ಷ ಪೌಂಡ್‌ವರೆಗೆ ಸ್ಟಾಂಪ್ ಡ್ಯೂಟಿ ಇಲ್ಲ, ಅಲ್ಲಿಂದ 5 ಲಕ್ಷದವರೆಗಿನ ಭಾಗಕ್ಕೆ ಶೇ 5. ಬೆಲೆ 5 ಲಕ್ಷ ದಾಟಿದರೆ ರಿಯಾಯಿತಿ ಪೂರ್ತಿ ಮಾಯ. ಸರಿಯಾಗಿ 5 ಲಕ್ಷದ ಮನೆಗೆ ತೆರಿಗೆ 10,000 ಪೌಂಡ್. ಒಂದು ಪೌಂಡ್ ಮೇಲೆ ಹೋದರೆ 15,000! ನಿಮ್ಮ ಯೋಜನೆಯಲ್ಲೂ ಇಂಥ ಗೆರೆ ಇದ್ದರೆ ಚೌಕಾಸಿ ಎಲ್ಲಿಗೆ ನಿಲ್ಲಬೇಕು ಅನ್ನುವುದು ಅದರಿಂದಲೇ ತೀರ್ಮಾನವಾಗುತ್ತದೆ.

‘ಮೊದಲ ಸಲ ಕೊಳ್ಳುವವರು’ ಅಂದರೆ ಯಾರು? ಸುಲಭ ಪ್ರಶ್ನೆ ಅನ್ನಿಸುತ್ತದೆ, ಆದರೆ ಅರ್ಜಿಗಳು ಬೀಳುವುದು ಇಲ್ಲೇ. ಅಮೆರಿಕದ ಎಷ್ಟೋ ಯೋಜನೆಗಳಲ್ಲಿ ಕಳೆದ ಮೂರು ವರ್ಷ ಸ್ವಂತ ವಾಸದ ಮನೆ ಇರದಿದ್ದರೆ ಸಾಕು, ಅದಕ್ಕೂ ಮುಂಚೆ ಇದ್ದು ಮಾರಿದ್ದರೂ ನಡೆಯುತ್ತದೆ. ಇಂಗ್ಲೆಂಡಿನ ಸ್ಟಾಂಪ್ ಡ್ಯೂಟಿ ರಿಯಾಯಿತಿಗೆ ಜಗತ್ತಿನ ಯಾವ ಮೂಲೆಯಲ್ಲೂ ಯಾವತ್ತೂ ವಾಸದ ಮನೆಯಲ್ಲಿ ಪಾಲು ಇದ್ದಿರಬಾರದು. ಪಿತ್ರಾರ್ಜಿತವಾಗಿ ಬಂದದ್ದೂ ಲೆಕ್ಕಕ್ಕೆ ಬರುತ್ತದೆ. ಜೋಡಿಯಾಗಿ ಕೊಂಡರೆ ಇಬ್ಬರಿಗೂ ಮೊದಲ ಮನೆಯಾಗಿರಬೇಕು. ಆವಾಸ್ ಯೋಜನೆಯಲ್ಲಿ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ, ಅವರಲ್ಲಿ ಯಾರ ಹೆಸರಲ್ಲೂ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ನಿಮ್ಮಿಬ್ಬರಲ್ಲಿ ಯಾರ ಹೆಸರಲ್ಲಾದರೂ ಅಪ್ಪ ಅಮ್ಮನ ಮನೆಯ ಪಾಲು ಇದೆಯಾ? ಇದ್ದರೆ ಬೇರೆಲ್ಲಕ್ಕಿಂತ ಮೊದಲು ಇದನ್ನು ಬಗೆಹರಿಸಿಕೊಳ್ಳಿ. ಏಜೆಂಟರ ಬಾಯಿಮಾತು ಬೇಡ, ಯೋಜನೆ ನಡೆಸುವ ಕಚೇರಿಯಿಂದಲೋ ಬ್ಯಾಂಕಿನಿಂದಲೋ ಬರಹದಲ್ಲಿ ತೆಗೆದುಕೊಳ್ಳಿ.

ಬಿಲ್ಡರ್ ಕೊಡುವ ಆಫರ್‌ಗಳನ್ನು ನಾನು ಸವಲತ್ತು ಅಂತ ಎಣಿಸುವುದೇ ಇಲ್ಲ. ನೋಂದಣಿ ಖರ್ಚು ನಮ್ಮದು, ಅಡುಗೆಮನೆಯ ಕಪಾಟು ಉಚಿತ ಅಂದರೆ, ‘ಅದೆಲ್ಲ ಬೇಡ, ಬೆಲೆಯಲ್ಲಿ ಎಷ್ಟು ಇಳಿಸುತ್ತೀರಿ’ ಅಂತ ಕೇಳಿ. ಬೆಲೆ ಇಳಿದರೆ ಸಾಲ, ತೆರಿಗೆ ಎರಡೂ ಇಳಿಯುತ್ತವೆ. ಕೀ ಕೈಗೆ ಬರುವವರೆಗೆ ಕಂತು ನಾವೇ ಕಟ್ಟುತ್ತೇವೆ ಅನ್ನುವ ಆಫರ್ ಅಂತೂ ಬೇಡವೇ ಬೇಡ. ಸಾಲ ನಿಮ್ಮ ಹೆಸರಲ್ಲಿರುತ್ತದೆ. ಬಿಲ್ಡರ್ ಕಟ್ಟುವುದು ನಿಲ್ಲಿಸಿದರೆ ಬ್ಯಾಂಕ್ ಬರುವುದು ನಿಮ್ಮ ಬಾಗಿಲಿಗೆ. ಇಂಥ ದೂರುಗಳು ಬಂದ ಮೇಲೆಯೇ ಭಾರತದ ನ್ಯಾಷನಲ್ ಹೌಸಿಂಗ್ ಬ್ಯಾಂಕ್ 2019ರಲ್ಲಿ ಗೃಹಸಾಲ ಕಂಪನಿಗಳಿಗೆ ಈ ಥರದ ಸಾಲ ಕೊಡಬೇಡಿ ಅಂತ ಹೇಳಿತು.

ಸವಲತ್ತಿನ ಹಿಂದೆ ಓಡುವ ಅರ್ಧದಷ್ಟು ಶ್ರಮವನ್ನು ಬಡ್ಡಿಯ ಮೇಲೆ ಹಾಕಿದರೂ ಲಾಭ ಇದೆ. ಶೇ 8 ಬಡ್ಡಿಗೆ 20 ವರ್ಷದ ಸಾಲ ಮಾಡಿದರೆ ಬಡ್ಡಿಯೇ ಹೆಚ್ಚುಕಡಿಮೆ ಅಸಲಿನಷ್ಟಾಗುತ್ತದೆ. 100 ಪಡೆದು ಸುಮಾರು 201 ಕಟ್ಟುತ್ತೀರಿ. ಅದೇ ಸಾಲ ಶೇ 7.75ಕ್ಕೆ ಸಿಕ್ಕರೆ ಕಟ್ಟುವುದು 197. ಬರೀ ಕಾಲು ಪರ್ಸೆಂಟು, ಉಳಿದದ್ದು ಸಾಲದ ಶೇ 3ಕ್ಕಿಂತ ಜಾಸ್ತಿ. ಇದಕ್ಕೆ ಯಾವ ಅರ್ಜಿಯೂ ಬೇಡ, ಗಡುವೂ ಇಲ್ಲ. ಮೂರ್ನಾಲ್ಕು ಬ್ಯಾಂಕ್ ಸುತ್ತಬೇಕು, ಒಬ್ಬರು ಕೊಟ್ಟ ದರವನ್ನು ಇನ್ನೊಬ್ಬರ ಮುಂದೆ ಇಡಬೇಕು, ಅಷ್ಟೆ. ಇನ್ನೊಂದು ವಿಷಯ: ಮೊದಲ ವರ್ಷಗಳ ಕಂತಿನಲ್ಲಿ ಬಹುಪಾಲು ಬಡ್ಡಿಗೇ ಹೋಗುತ್ತದೆ. ಮೇಲಿನ ಲೆಕ್ಕದಲ್ಲಿ ಮೊದಲ ಕಂತಿನ ಸುಮಾರು ಶೇ 80 ಬಡ್ಡಿ. ಅದಕ್ಕೇ ಶುರುವಿನಲ್ಲಿ ಕಟ್ಟುವ ಹೆಚ್ಚುವರಿ ಹಣಕ್ಕೆ ಬೆಲೆ ಜಾಸ್ತಿ. ದರ ಏರಿಳಿಯುವ ಸಾಲವಾದರೆ ಇನ್ನೂ ಶೇ 2 ಏರಿದಾಗ ಕಂತು ಎಷ್ಟಾಗುತ್ತದೆ ಅಂತಲೂ ಬರೆಸಿಕೊಳ್ಳಿ.

ಮುಂಗಡ ಕಡಿಮೆ ಸಾಕು ಅನ್ನುವ ಯೋಜನೆಗಳೂ ಬಿಟ್ಟಿ ಅಲ್ಲ. ಅಮೆರಿಕದಲ್ಲಿ ಸರ್ಕಾರಿ ವಿಮೆಯ ಬೆಂಬಲ ಇರುವ ಎಫ್‌ಎಚ್‌ಎ ಗೃಹಸಾಲಕ್ಕೆ ಶೇ 3.5 ಮುಂಗಡ ಸಾಕಾಗಬಹುದು, ಆದರೆ ಸಾಲದ ಶೇ 1.75ರಷ್ಟು ವಿಮೆ ಮೊದಲೇ ಸೇರಿಕೊಳ್ಳುತ್ತದೆ, ಮೇಲೆ ವರ್ಷ ವರ್ಷವೂ ವಿಮೆ ಇದೆ. ಮುಂಗಡ ಕಡಿಮೆ ಇದ್ದಷ್ಟೂ, ಮನೆ ಬೆಲೆ ಸ್ವಲ್ಪ ಇಳಿದರೂ ಸಾಲವೇ ಮನೆಗಿಂತ ದೊಡ್ಡದಾಗುವ ಅಪಾಯ ಇರುತ್ತದೆ.

ನಿಮಗೆ ಕೂಡಿಟ್ಟ ಹಣವನ್ನೆಲ್ಲ ಮುಂಗಡಕ್ಕೇ ಸುರಿಯುವ ಆಸೆ ಇದ್ದ ಹಾಗಿದೆ. ಬೇಡ. ನೋಂದಣಿ, ತೆರಿಗೆ, ವಕೀಲರ ಫೀಸು, ಬ್ಯಾಂಕಿನ ಶುಲ್ಕ, ವಿಮೆ, ಸಾಮಾನು ಸಾಗಿಸುವುದು, ಮೊದಲ ವರ್ಷದ ರಿಪೇರಿ, ಇವೆಲ್ಲ ಸಾಲದಲ್ಲಿ ಬರುವುದು ಅಪರೂಪ. ಇಷ್ಟೆಲ್ಲ ಆದ ಮೇಲೂ ಆರು ತಿಂಗಳ ಕಂತು ಮತ್ತು ಮನೆ ಖರ್ಚಿಗೆ ಆಗುವಷ್ಟು ಕೈಯಲ್ಲಿ ಉಳಿಯಬೇಕು. ಸವಲತ್ತಿನ ಹಣ ಬಂದರೆ ಈ ಗಂಟಿಗೆ ಸೇರಿಸಿ.

ನಾನು ಪರಿಚಯದವರಿಗೆಲ್ಲ ಹೇಳುವ ಒಂದು ಉಪಾಯ ಇದೆ. ಮನೆ ಹುಡುಕುವಾಗಲೇ ಕಂತು ಕಟ್ಟಲು ಶುರು ಮಾಡಿ. ಬರಲಿರುವ ಕಂತಿನಿಂದ ಈಗಿನ ಬಾಡಿಗೆ ಕಳೆದು, ಉಳಿದದ್ದನ್ನು ಪ್ರತಿ ತಿಂಗಳು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ, ಮುಟ್ಟಬೇಡಿ. ಒಬ್ಬರ ಸಂಬಳದಲ್ಲೇ ಇದು ನಡೆದರೆ ಇನ್ನೂ ಒಳ್ಳೆಯದು, ಯಾಕೆಂದರೆ ಮಗು, ಕಾಯಿಲೆ, ಕೆಲಸ ಬದಲಾವಣೆ ಏನೇ ಬಂದರೂ ಒಂದು ಸಂಬಳ ನಿಲ್ಲಬಹುದು. ನಾಲ್ಕೈದು ತಿಂಗಳಲ್ಲಿ ಗೊತ್ತಾಗಿಬಿಡುತ್ತದೆ. ಆರಾಮಾಗಿ ನಡೆದರೆ ಸರಿ. ತಿಂಗಳ ಕೊನೆಗೆ ಆ ಖಾತೆಯಿಂದಲೇ ತೆಗೆಯಬೇಕಾಗಿ ಬಂದರೆ, ಯಾವ ಸಬ್ಸಿಡಿಯೂ ಅದನ್ನು ಸರಿಪಡಿಸುವುದಿಲ್ಲ. ಅಲ್ಲಿವರೆಗೆ ಗಡುವು ಮುಗಿದುಹೋಗುತ್ತದಲ್ಲಾ ಅಂತೀರಿ. ಮುಗಿಯಬಹುದು. ನ್ಯೂಜಿಲೆಂಡಿನಲ್ಲಿ ಮೊದಲ ಮನೆಯ ಅನುದಾನವನ್ನು 2024ರ ಮೇ ತಿಂಗಳಲ್ಲಿ ಮುಚ್ಚಿಯೇಬಿಟ್ಟರು. ಆಸ್ಟ್ರೇಲಿಯಾದಲ್ಲಿ 2000ನೇ ಇಸವಿಯಲ್ಲಿ ಶುರುವಾದ ಅನುದಾನ ರೂಪ ಬದಲಿಸುತ್ತಾ ಇವತ್ತಿಗೂ ಹಲವು ರಾಜ್ಯಗಳಲ್ಲಿ ನಡೆಯುತ್ತಿದೆ. ಯಾವುದು ಉಳಿಯುತ್ತದೆ ಅಂತ ಮೊದಲೇ ಹೇಳಲು ಆಗದು, ಹಾಗಾಗಿ ಅದನ್ನು ನಂಬಿ 20 ವರ್ಷದ ಸಾಲ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ನೀವು ನೋಡುತ್ತಿರುವುದು ಹೊಸ ಮನೆಯಾ ಹಳೆಯದಾ ಅಂತ ಬರೆದಿಲ್ಲ. ಕೆಲವು ಯೋಜನೆಗಳು ಹೊಸ ಮನೆಗೆ ಮಾತ್ರ. ಹಳೆಯದಾದರೆ ಮೊದಲು ಅದನ್ನು ಖಚಿತ ಮಾಡಿಕೊಳ್ಳಿ. ಆಮೇಲೆ ಕರಾರಿಗೆ ಸಹಿ ಹಾಕುವ ಮುನ್ನ ನಿಮ್ಮದೇ ಹಣದಲ್ಲಿ ಒಬ್ಬ ಎಂಜಿನಿಯರ್‌ಗೆ ಮನೆ ತೋರಿಸಿ. ಬ್ಯಾಂಕಿನವರು ಮಾಡಿಸುವ ಮೌಲ್ಯಮಾಪನ ಅವರ ಸಾಲದ ಭದ್ರತೆಗೆ, ಸೋರುವ ಚಾವಣಿ ಅದರಲ್ಲಿ ಕಾಣಿಸದೇ ಇರಬಹುದು. ಹಾಗೆಯೇ ಕರಾರಿನಲ್ಲಿ ‘ಸಾಲ ಮಂಜೂರಾಗದಿದ್ದರೆ ಮುಂಗಡ ವಾಪಸ್’ ಅನ್ನುವ ಸಾಲು ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಸೇರಿಸಲು ಕೇಳಿ. ಮಾರುವವರು ಒಪ್ಪದಿದ್ದರೆ, ಸಾಲದ ಮಂಜೂರಾತಿ ಪತ್ರ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ.